ಕಸದ ಗುಡ್ಡೆಯ ಮೇಲೆ ಕಾಲೊನಿ ಕಟ್ಟುವ ಮೊದಲು

(ಕಾರವಾರದಲ್ಲಿ ಊರಿನ ಕೆಲವರು ಸೇರಿ ಕರೆದಿದ್ದ ಸಂಜೆಯ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉತ್ತರದ ಜೊತೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ಮನೆ ಕಟ್ಟಲು ಐದು ಗುಂಟೆ ಜಾಗ ಹುಡುಕಿದವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಒಂದು ಬದಿ ಸಮುದ್ರ, ಅಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧ. ಇನ್ನೊಂದು ಬದಿ ಗುಡ್ಡ, ಅಲ್ಲಿ ಅರಣ್ಯ ಇಲಾಖೆ. ಉತ್ತರಕ್ಕೆ ಕಾಳಿ ನದಿ. ದಕ್ಷಿಣಕ್ಕೆ ಹೋದರೆ ನೌಕಾನೆಲೆಯ ಗೋಡೆ. ಉಳಿದ ಪಟ್ಟಿಯಲ್ಲೇ ಹೆದ್ದಾರಿ, ಪೇಟೆ, ಮನೆ ಎಲ್ಲ ಹಿಡಿಸಬೇಕು. ಶಿರಸಿಗೆ ಸಮುದ್ರ ಇಲ್ಲ, ಆದರೆ ಅಲ್ಲೂ ಸೊಪ್ಪಿನಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟ), ಕಾಡು, ಅತಿಕ್ರಮಣದ ಕೇಸು ಎಲ್ಲ ಇವೆ. ಜಿಲ್ಲೆಯ ಹತ್ತಿರ ಹತ್ತಿರ ಶೇ 80ರಷ್ಟು ನೆಲ ದಾಖಲೆಯಲ್ಲಿ ಅರಣ್ಯ. ಇಂಥ ಕಡೆ, ಊರಿಗೆ ಹತ್ತಿರ, ರಸ್ತೆ ಇರುವ, ಸ್ಥಳೀಯ ಸಂಸ್ಥೆಯ ಹೆಸರಲ್ಲೇ ಇರುವ ನಾಲ್ಕೈದು ಎಕರೆ ಸಿಕ್ಕರೆ ಎಲ್ಲರ ಕಣ್ಣು ಅದರ ಮೇಲೆ ಬೀಳುತ್ತದೆ. ಅದು ಹಳೇ ಕಸದ ಯಾರ್ಡ್ ಆಗಿದ್ದರೂ ಸರಿಯೇ. ‘ಹೇಗೂ ಈಗ ಕಸ ಹಾಕೋದಿಲ್ಲ. ಮೇಲೆ ನಾಲ್ಕು ಅಡಿ ಮಣ್ಣು ಹಾಕಿ, ಸೈಟು ಮಾಡಿ ಹಂಚಿದರೆ ಬಡವರಿಗೆ ಮನೆ ಆಗುತ್ತದಲ್ಲ’ ಅನ್ನುತ್ತಾರೆ. ಈ ಮಾತು ಒಳ್ಳೇ ಮನಸ್ಸಿನಿಂದಲೇ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಸ ತೆಗೆದ ಜಾಗದಲ್ಲಿ ಊರು ಕಟ್ಟಬಹುದು. ಕಸ ಮುಚ್ಚಿಟ್ಟ ಜಾಗದಲ್ಲಿ, ಅದರಲ್ಲೂ ನಮ್ಮ ಕರಾವಳಿಯಲ್ಲಿ, ಕಟ್ಟಬಾರದು. ಇದಕ್ಕೆ ಕಾರಣ ನಮ್ಮ ಮಳೆ, ನಮ್ಮ ಕಲ್ಲು, ನಮ್ಮ ಬಾವಿ.

ಈ ಹಳೇ ಯಾರ್ಡ್‌ಗಳು ಹೇಗೆ ಹುಟ್ಟಿದವು ಅಂತ ನೆನಪು ಮಾಡಿಕೊಳ್ಳಿ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಚಿರೆಕಲ್ಲು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ತೆಗೆದು ಬಿಟ್ಟ ಹೊಂಡ, ಗುಡ್ಡದ ಬುಡದ ಕೊರಕಲು, ಹೊಳೆ ಬದಿಯ ತಗ್ಗು. ಊರಿಗೆ ಬೇಡವಾದ ಜಾಗಕ್ಕೆ ಊರಿಗೆ ಬೇಡವಾದ ವಸ್ತು ಹೋಯಿತು. ಕಸ ತುಂಬುವ ಹೊಂಡ ಹೇಗಿರಬೇಕು ಅಂತ ನಮ್ಮಲ್ಲಿ ಕಾನೂನು ಬಂದದ್ದೇ 2000ರಲ್ಲಿ. ತಳದಲ್ಲಿ 90 ಸೆಂಟಿಮೀಟರ್ ದಪ್ಪದ ಗಟ್ಟಿ ಜೇಡಿ, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಇರಬೇಕು. ಮಳೆಗಾಲದಲ್ಲಿ ಅಂತರ್ಜಲ ಎಷ್ಟೇ ಏರಿದರೂ ಹೊಂಡದ ತಳಕ್ಕಿಂತ 2 ಮೀಟರ್ ಕೆಳಗೇ ಇರಬೇಕು. ಈ ಕೊನೆಯ ಮಾತು ಕೇಳಿ ಇಲ್ಲಿ ಕೆಲವರು ನಗುತ್ತಿದ್ದೀರಿ. ಜುಲೈನಲ್ಲಿ ಬಾವಿಗೆ ಬಗ್ಗಿ ಕೈಯಲ್ಲೇ ನೀರು ತೆಗೆಯುವ ಊರು ನಮ್ಮದು. ಹಳೇ ಹೊಂಡಗಳಲ್ಲಿ ಜೇಡಿಯೂ ಇಲ್ಲ, ಹಾಳೆಯೂ ಇಲ್ಲ. ಕಸ ನೇರ ಕಲ್ಲಿನ ಮೇಲೆ ಕೂತಿದೆ.

ಆ ಕಲ್ಲಾದರೂ ಎಂಥದು? ಚಿರೆಕಲ್ಲು ಕಡಿಯುವವರನ್ನು ಕೇಳಿ. ಮೈತುಂಬ ತೂತು. ಮಳೆ ನೀರು ಅದರೊಳಗೆ ಇಳಿದು, ಕೆಳಗೆ ಜೇಡಿ ಸಿಕ್ಕಲ್ಲಿ ಅಡ್ಡಕ್ಕೆ ಹರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಅದೇ ನಮ್ಮ ಕುಡಿಯುವ ನೀರು. ಕಸದೊಳಗಿಂದ ಇಳಿದ ಕಪ್ಪು ನೀರಿಗೂ ಅದೇ ದಾರಿ. ಇದನ್ನು ಇಂಜಿನಿಯರುಗಳು ಲೀಚೇಟ್ ಅನ್ನುತ್ತಾರೆ. ಕೊಳೆತ ಕಸದ ರಸ, ಬ್ಯಾಟರಿ ಬಣ್ಣಗಳಿಂದ ಬಿಟ್ಟ ಲೋಹ, ಉಪ್ಪು, ಅಮೋನಿಯ ಎಲ್ಲ ಸೇರಿದ ನೀರು. ಕಾರವಾರ ಪೇಟೆ ಭಾಗದ ಹಾಗೆ ಮರಳು ನೆಲ ಆದರಂತೂ ಅದಕ್ಕೆ ತಡೆಯೇ ಇಲ್ಲ.

ಈಗ ಮಳೆಯ ಲೆಕ್ಕ ನೋಡೋಣ. ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 3 ಮೀಟರ್ ಮಳೆ. ಒಂದು ಎಕರೆ ಅಂದರೆ 4,000 ಚದರ ಮೀಟರಿಗೆ ಸ್ವಲ್ಪ ಜಾಸ್ತಿ. ಗುಣಿಸಿ. ಒಂದು ಎಕರೆ ಮೇಲೆ ಒಂದು ವರ್ಷಕ್ಕೆ ಬೀಳುವ ನೀರು ಸುಮಾರು 1 ಕೋಟಿ 20 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಆದರೆ ಸಾವಿರ ಟ್ಯಾಂಕರ್. ನಾಲ್ಕು ಎಕರೆ ಯಾರ್ಡ್ ಆದರೆ ನಾಲ್ಕು ಸಾವಿರ. ಇದರಲ್ಲಿ ಕಾಲು ಭಾಗ ಒಳಗಿಳಿದರೂ ಆ ನೀರು ಎಲ್ಲೋ ಒಂದು ಕಡೆ ಹೊರಬರಲೇಬೇಕು. ಮುಚ್ಚುವಾಗ ನಿಯಮದ ಪ್ರಕಾರ 60 ಸೆಂಟಿಮೀಟರ್ ಜೇಡಿ, ಮೇಲೆ ನೀರು ಬಸಿಯಲು ಒಂದು ಪದರ, ಅದರ ಮೇಲೆ ಹುಲ್ಲು ಬೆಳೆಯುವ ಮಣ್ಣು ಹಾಕಬೇಕು. ಹಾಕಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಏಪ್ರಿಲ್ ಬಿಸಿಲಿಗೆ ಜೇಡಿ ಬಿರಿಯುತ್ತದೆ. ಜೂನ್ ಮೊದಲ ವಾರದ ಮಳೆ ಆ ಬಿರುಕಿಗೇ ನುಗ್ಗುತ್ತದೆ. ಪ್ರತಿ ವರ್ಷ ರಿಪೇರಿ ಬೇಕು. ಚರಂಡಿಯ ಹೂಳು ತೆಗೆಸಲೇ ಪ್ರತಿ ಮೇನಲ್ಲಿ ನಾವು ಪಡುವ ಪಾಡು ಗೊತ್ತಲ್ಲ. ಕಸದ ಗುಡ್ಡೆಯ ಮುಚ್ಚಳ ರಿಪೇರಿಗೆ 30 ವರ್ಷ ತಪ್ಪದೆ ದುಡ್ಡು ಇಡುತ್ತಾರೆ ಅಂತ ನಾನು ನಂಬುವುದಿಲ್ಲ.

ನೀರಿಗಿಂತ ಜನ ಕಡಿಮೆ ಯೋಚಿಸುವುದು ಗಾಳಿಯ ಬಗ್ಗೆ. ಹೂತ ಹಸಿಕಸ ಗಾಳಿ ಇಲ್ಲದೆ ಕೊಳೆಯುವಾಗ ಅನಿಲ ಬಿಡುತ್ತದೆ. ಹತ್ತಿರ ಹತ್ತಿರ ಅರ್ಧ ಮೀಥೇನ್, ಇನ್ನರ್ಧ ಕಾರ್ಬನ್ ಡೈ ಆಕ್ಸೈಡ್. ಮೀಥೇನಿಗೆ ವಾಸನೆ ಇಲ್ಲ. ನಮ್ಮ ಸಿಲಿಂಡರಿನ ಗ್ಯಾಸು ವಾಸನೆ ಬರುವುದು ಬೇಕಂತಲೇ ಸೇರಿಸುವ ರಾಸಾಯನಿಕದಿಂದ. ಕಸದ ಗ್ಯಾಸಿಗೆ ಅಂಥದ್ದನ್ನು ಯಾರು ಸೇರಿಸುತ್ತಾರೆ? ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಹೊಂಡದೊಳಗೆ ಅದು ಶೇ 50 ಇರುವಾಗ ಸ್ಫೋಟ ಆಗುವುದಿಲ್ಲ. ಮನೆಯ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಂದು ಗಾಳಿ ಜೊತೆ ಬೆರೆತಾಗಲೇ ಅಪಾಯ.

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಲಾಸ್ಕೋ ಅಂತ ಒಂದು ಹಳ್ಳಿ. ಅಲ್ಲಿ ಇಟ್ಟಿಗೆ ಮಣ್ಣು ತೆಗೆದ ಹಳೇ ಹೊಂಡಕ್ಕೆ ಕಸ ತುಂಬಿ ಮುಚ್ಚಿದ್ದರು. 1986ರ ಮಾರ್ಚ್ 24ರ ಬೆಳಗ್ಗೆ ಪಕ್ಕದ ಒಂದು ಮನೆ ಸ್ಫೋಟಗೊಂಡು ನೆಲಸಮ ಆಯಿತು. ಒಳಗಿದ್ದ ಮೂವರಿಗೆ ಗಾಯವಾಯಿತು, ಜೀವ ಉಳಿಯಿತು. ಗಮನಿಸಿ, ಆ ಮನೆ ಕಸದ ಮೇಲೆ ಇರಲೇ ಇಲ್ಲ. ಹೊಂಡದ ಹೊರಗೆ ಇತ್ತು. ಗ್ಯಾಸು ಕಲ್ಲಿನ ಬಿರುಕುಗಳಲ್ಲಿ ಅಡ್ಡಕ್ಕೆ ಹರಿದು ಮನೆಯ ಅಡಿಗೆ ಬಂದಿತ್ತು. ಅವತ್ತೇ ಯಾಕೆ? ಹಿಂದಿನ ಕೆಲವು ಗಂಟೆಗಳಲ್ಲಿ ಗಾಳಿಯ ಒತ್ತಡ ಜೋರಾಗಿ ಕುಸಿದಿತ್ತು. ಹೊರಗೆ ಒತ್ತಡ ಇಳಿದಾಗ ನೆಲದೊಳಗಿನ ಗ್ಯಾಸು ಮೇಲಕ್ಕೆ ನುಗ್ಗುತ್ತದೆ.

ಇದನ್ನು ನಮ್ಮ ಊರಿಗೆ ತಂದು ನೋಡಿ. ಚಿರೆಕಲ್ಲು ಹೊಂಡ, ಮೈತುಂಬ ಸಂದು. ಮಳೆಗಾಲದಲ್ಲಿ ಮೇಲ್ಮಣ್ಣಿನ ಸಂದುಗಳು ನೀರು ತುಂಬಿ ಮುಚ್ಚಿದರೆ ಗ್ಯಾಸಿಗೆ ಮೇಲೆ ಹೋಗಲು ದಾರಿ ಇಲ್ಲ, ಅಡ್ಡಕ್ಕೆ ಹೋಗುತ್ತದೆ. ಒತ್ತಡ ಕುಸಿಯುವುದೂ ನಮಗೆ ಹೊಸದಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರದ ಬದಿಯಲ್ಲೇ ಹಾದುಹೋಯಿತು. ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮನೆಯಲ್ಲೂ ಹೇಳಿ. ಹಳೇ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ರೂಢಿ ನಮ್ಮಲ್ಲಿದೆ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಜಾಣ ಪರೀಕ್ಷೆ, ಎಷ್ಟೋ ಜೀವ ಉಳಿಸಿದೆ. ಆದರೆ ಕಸದ ಹೊಂಡದ ಹತ್ತಿರದ ಬಾವಿಗೆ ಅದನ್ನು ಮಾಡಬೇಡಿ. ಅಲ್ಲಿ ಮೀಥೇನ್ ಇದ್ದರೆ ಆ ದೀಪವೇ ಬೆಂಕಿ ಹಚ್ಚುತ್ತದೆ. ಅಲ್ಲಿಗೆ ಗ್ಯಾಸ್ ಮೀಟರೇ ಬೇಕು.

ನಮ್ಮ ದೇಶದ್ದೇ ಉದಾಹರಣೆ ಬೇಕಾ? ಮುಂಬೈಯ ಮಲಾಡ್‌ನಲ್ಲಿ ಹಳೇ ಕಸದ ಯಾರ್ಡ್ ಇದ್ದ ಜಾಗದಲ್ಲಿ ದೊಡ್ಡ ಕಚೇರಿ ಕಟ್ಟಡಗಳು ಎದ್ದವು. ಕೆಲವು ವರ್ಷಕ್ಕೆ ಕಂಪ್ಯೂಟರುಗಳು, ಏಸಿಗಳು ಒಂದೊಂದಾಗಿ ಕೆಡತೊಡಗಿದವು. ನೆಲದಿಂದ ಬರುತ್ತಿದ್ದ ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು, ತಾಮ್ರ ಬೆಳ್ಳಿಯ ಭಾಗಗಳನ್ನು ತಿನ್ನುತ್ತಿತ್ತು. ಕಂಪ್ಯೂಟರ್ ಕೆಟ್ಟರೆ ಬೇರೆ ತರಬಹುದು. ಅಲ್ಲೇ ಮಲಗಿ ಏಳುವ ಮಕ್ಕಳ ವಿಷಯ ಬೇರೆ ಅಲ್ವಾ?

ನೆಲ ಕುಸಿಯುವ ವಿಚಾರವನ್ನು ಚುಟುಕಾಗಿ ಮುಗಿಸುತ್ತೇನೆ. ಕಸದ ಮೇಲೆ ಕಟ್ಟಿದ ಮನೆ ಹಳೇ ಹತ್ತಿಯ ಹಾಸಿಗೆ ಮೇಲೆ ಮೇಜು ಇಟ್ಟ ಹಾಗೆ. ಕುಸಿಯುವುದು ಅಷ್ಟು ದೊಡ್ಡ ತೊಂದರೆಯಲ್ಲ, ಒಂದೊಂದು ಕಡೆ ಒಂದೊಂದು ಥರ ಕುಸಿಯುವುದೇ ತೊಂದರೆ. ಗೋಡೆ ಸೀಳುತ್ತದೆ, ಪಾಯಿಖಾನೆ ಪೈಪು ಮನೆಯ ಅಂಚಿನಲ್ಲಿ ತುಂಡಾಗುತ್ತದೆ, ನಲ್ಲಿ ನೀರಿನ ಪೈಪು ಒಡೆದು ಕೊಳೆನೀರು ಒಳಗೆ ಸೇರುತ್ತದೆ. ಗಟ್ಟಿ ನೆಲ ಸಿಗುವವರೆಗೆ ಪೈಲ್, ಅಂದರೆ ಉದ್ದ ಕಂಬ, ಹೊಡೆದರೆ ಕಟ್ಟಡ ನಿಲ್ಲುತ್ತದೆ, ನಿಜ. ಸುತ್ತಲಿನ ನೆಲ ಮಾತ್ರ ಇಳಿಯುತ್ತಲೇ ಇರುತ್ತದೆ, ಪೈಲಿನ ಪಕ್ಕದ ಸಂದು ಗ್ಯಾಸಿಗೆ ದಾರಿಯಾಗುತ್ತದೆ. ಇದಕ್ಕೆಲ್ಲ ಪರಿಹಾರ ಇಲ್ಲದೆ ಇಲ್ಲ. ನೆಲಹಾಸಿನ ಕೆಳಗೆ ಗ್ಯಾಸು ತಡೆಯುವ ಹಾಳೆ, ಜಲ್ಲಿ ತುಂಬಿದ ಕಾಲುವೆ, ಗಾಳಿ ಹೊರಹೋಗುವ ಪೈಪು ಹಾಕುತ್ತಾರೆ. ದುಡ್ಡಿರುವ ಊರುಗಳಲ್ಲಿ ನಡೆಯುತ್ತದೆ. ನಮ್ಮ ಆಶ್ರಯ ಮನೆಯ ಬಜೆಟ್ಟಿನಲ್ಲಿ ಅದಕ್ಕೆ ಜಾಗ ಎಲ್ಲಿದೆ?

‘ಹಾಗಾದರೆ ವಿದೇಶದಲ್ಲಿ ಹೇಗೆ ಮಾಡಿದರು?’ ಅಂತ ಕೇಳುತ್ತಾರೆ. ದಕ್ಷಿಣ ಕೊರಿಯಾದ ಸೋಲ್ ನಗರದ ನಂಜಿದೋ ಕಥೆ ಎಲ್ಲರೂ ಹೇಳುತ್ತಾರೆ. 1978ರಿಂದ 1993ರವರೆಗೆ ಅಲ್ಲಿ ಕಸ ಸುರಿದರು, 9 ಕೋಟಿ ಟನ್ನಿಗೂ ಜಾಸ್ತಿ. ಎರಡು ಗುಡ್ಡಗಳೇ ಎದ್ದವು. ಸುತ್ತ ನೆಲದಾಳಕ್ಕೆ ತಡೆಗೋಡೆ ಇಳಿಸಿದರು, ಕೊಳೆನೀರು ಶುದ್ಧ ಮಾಡುವ ಘಟಕ ಕಟ್ಟಿದರು, ಗ್ಯಾಸು ತೆಗೆದು ಹತ್ತಿರದ ಕಟ್ಟಡಗಳನ್ನು ಬೆಚ್ಚಗಿಡಲು ಬಳಸಿದರು. 2002ರಲ್ಲಿ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಉದ್ಯಾನ ತೆರೆಯಿತು. ಚೆಂದ ಇದೆ. ಆದರೆ ಗುಡ್ಡದ ಮೇಲೆ ಇರುವುದು ಹುಲ್ಲು. ಮನೆ, ಕಚೇರಿ, ಹೊಸ ಬಡಾವಣೆ ಎಲ್ಲ ಪಕ್ಕದ ನೆಲದಲ್ಲಿ. ನ್ಯೂಯಾರ್ಕಿನ ಫ್ರೆಶ್ ಕಿಲ್ಸ್ ಕೂಡ ಹಾಗೇ. 1948ರಲ್ಲಿ ಶುರುವಾಗಿ 2001ರಲ್ಲಿ ಮುಚ್ಚಿದ 2,200 ಎಕರೆ ಜಾಗ ಅದು. ಅಲ್ಲಿ ಉತ್ತರ ಭಾಗದ ಉದ್ಯಾನದ ಮೊದಲ ಹಂತ ಜನರಿಗೆ ತೆರೆದದ್ದು 2023ರಲ್ಲಿ. ನಮ್ಮಲ್ಲಿ ಎರಡು ವರ್ಷಕ್ಕೆ ಹಕ್ಕುಪತ್ರ ಹಂಚುವ ಅವಸರ.

ಹಾಗಾದರೆ ನಮಗೆ ಉಳಿದ ದಾರಿ ತೆಗೆಯುವುದು. ಬಯೋಮೈನಿಂಗ್ ಅನ್ನುತ್ತಾರೆ. ಹಳೇ ಕಸ ಅಗೆದು ಎರಡು ಮೀಟರ್ ಎತ್ತರದ ಉದ್ದ ಸಾಲು ಮಾಡುತ್ತಾರೆ. ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿ ವಾರಕ್ಕೊಮ್ಮೆ ಮಗುಚುತ್ತಾರೆ. ಬಿಸಿಯೇರಿ ತೇವ ಆರಿ ವಾಸನೆ ಹೋದ ಮೇಲೆ ತಿರುಗುವ ದೊಡ್ಡ ಜರಡಿಗೆ ಹಾಕುತ್ತಾರೆ. ಕಲ್ಲು ಒಂದು ಕಡೆ, ಪ್ಲಾಸ್ಟಿಕ್ ಬಟ್ಟೆ ಒಂದು ಕಡೆ, ಕಪ್ಪು ಪುಡಿಮಣ್ಣು ಒಂದು ಕಡೆ. ಇಂದೋರಿನ ದೇವಗುರಾಡಿಯಾದಲ್ಲಿ ಸುಮಾರು 13 ಲಕ್ಷ ಟನ್ ಹೀಗೆ ತೆಗೆದು ನೂರು ಎಕರೆ ಬಿಡಿಸಿಕೊಂಡರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. 2021ರಲ್ಲಿ ಶುರುವಾದ ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಹಳೇ ಕಸದ ಗುಡ್ಡೆ ಕರಗಿಸುವುದೇ ಒಂದು ದೊಡ್ಡ ಗುರಿ.

ಇಂದೋರಿನ ಲೆಕ್ಕ ಇಲ್ಲಿಗೆ ಹಾಗೇ ಕೂರುವುದಿಲ್ಲ. ಅಲ್ಲಿ ಮಳೆ ಕಡಿಮೆ. ಇಲ್ಲಿ ಒದ್ದೆ ಕಸ ಜರಡಿಯಲ್ಲಿ ಇಳಿಯುವುದೇ ಇಲ್ಲ, ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ನವೆಂಬರಿನಿಂದ ಮೇವರೆಗೆ ಕೆಲಸ, ಉಳಿದ ಸಮಯ ಟಾರ್ಪಾಲು. ಟೆಂಡರಿನಲ್ಲಿ ‘12 ತಿಂಗಳು’ ಅಂತ ಬರೆದರೆ ಅದರಲ್ಲಿ ಐದು ತಿಂಗಳು ಸುಮ್ನೆ ಹೋಯಿತು ಅಂತಲೇ ತಿಳಿಯಿರಿ. ಅರ್ಧ ಅಗೆದ ಗುಡ್ಡೆಯನ್ನು ಮಳೆಗೆ ಬಿಟ್ಟರೆ ಮೊದಲಿಗಿಂತ ಕೆಟ್ಟದು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯಲ್ಲಿ ಕಸದ ಗುಡ್ಡೆ ಜಾರಿ ಕೆಳಗಿನ ಮಂದಾರ ಅನ್ನುವ ಕಡೆಯ ತೆಂಗು ಅಡಿಕೆ ತೋಟಗಳನ್ನು ಮುಚ್ಚಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅದೂ ನಮ್ಮದೇ ಕರಾವಳಿ, ನಮ್ಮದೇ ಥರದ ಇಳಿಜಾರು.

ಇನ್ನೊಂದು ಖರ್ಚು ಪ್ಲಾಸ್ಟಿಕ್ಕಿನದು. ಬೇರ್ಪಡಿಸಿದ ಪ್ಲಾಸ್ಟಿಕ್, ಬಟ್ಟೆ, ರಬ್ಬರು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಅಂಥ ಕಾರ್ಖಾನೆ ಇಲ್ಲ. ಬಾಗಲಕೋಟೆಗೋ ಕಲಬುರಗಿಗೋ ಘಟ್ಟ ಹತ್ತಿಸಿ ಕಳಿಸಬೇಕು. ಲಾರಿ ಬಾಡಿಗೆ ಯಾರು ಕೊಡಬೇಕು ಅಂತ ಮೊದಲೇ ಕರಾರಿನಲ್ಲಿ ಬರೆಯದಿದ್ದರೆ ಆ ಪ್ಲಾಸ್ಟಿಕ್ ಗುಡ್ಡೆ ಯಾರ್ಡಿನ ಮೂಲೆಯಲ್ಲೇ ಕೂರುತ್ತದೆ. ಹಾಳೆ ಹೊದಿಸಿ, ‘ಕೆಲಸ ಮುಗಿದಿದೆ’ ಅಂತ ಫೋಟೊ ತೆಗೆಸುತ್ತಾರೆ.

ಕಸ ಪೂರ್ತಿ ಹೋಯಿತು ಅಂತಿಟ್ಟುಕೊಳ್ಳಿ. ತಳದ ನೆಲ ಉಳಿಯಿತಲ್ಲ? ಹತ್ತಾರು ವರ್ಷ ಕಪ್ಪು ನೀರು ಕುಡಿದ ನೆಲ. ಅದನ್ನು ಚೌಕ ಚೌಕ ಮಾಡಿ ಮಣ್ಣು ತೆಗೆದು ಪರೀಕ್ಷೆ ಮಾಡಿಸಬೇಕು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಜಾಸ್ತಿ ಇದ್ದ ಕಡೆ ಇನ್ನೂ ಆಳ ತೆಗೆಯಬೇಕು. ಕಸ ಒಳಗೇ ಉಳಿದ ಜಾಗಕ್ಕೆ 2016ರ ಘನತ್ಯಾಜ್ಯ ನಿಯಮದಲ್ಲಿ ಸ್ಪಷ್ಟ ಮಾತಿತ್ತು. ಮುಚ್ಚಿದ ಮೇಲೆ 15 ವರ್ಷ ನಿಗಾ ಇಟ್ಟು, ಗ್ಯಾಸು, ಕೊಳೆನೀರು, ನೆಲದ ಗಟ್ಟಿತನ ಎಲ್ಲ ಸರಿಯಿದೆ ಅಂತ ಖಾತ್ರಿಯಾದ ನಂತರವೇ ಜನವಸತಿಯ ಬಗ್ಗೆ ಯೋಚಿಸಬಹುದು. ಯೋಚಿಸಬಹುದು ಅಂತ ಮಾತ್ರ ಇತ್ತು, ಕಟ್ಟಲೇಬೇಕು ಅಂತ ಇರಲಿಲ್ಲ.

ನಕ್ಷೆ ಬರೆಯುವವರಿಗೆ ನನ್ನದೊಂದು ಸಲಹೆ. ನಾಲ್ಕೈದು ಎಕರೆ ಯಾರ್ಡ್ ಅಂದರೆ ಪೂರ್ತಿ ಕಸ ಇರುವುದಿಲ್ಲ. ಗಾಡಿ ತಿರುಗುವ ಜಾಗ, ಶೆಡ್ಡು, ಅಂಚಿನ ಎತ್ತರದ ನೆಲ ಎಲ್ಲ ಸೇರಿರುತ್ತದೆ. ಮೊದಲು ಕಸ ಎಲ್ಲಿಂದ ಎಲ್ಲಿವರೆಗೆ, ಎಷ್ಟು ಆಳ ಅಂತ ಅಗೆದು ಗುರುತು ಮಾಡಿ. ಕಸ ಇಲ್ಲದ ಅಂಚಿನಲ್ಲಿ, ಗ್ಯಾಸು ನೋಡಿ, ಮನೆ. ಕಸ ತೆಗೆದ ಮಧ್ಯಭಾಗದಲ್ಲಿ ಆಟದ ಮೈದಾನ, ವಾರದ ಸಂತೆ ಕಟ್ಟೆ, ಸೌರ ಫಲಕ, ಮೀನುಗಾರರ ಬಲೆ ಒಣಗಿಸುವ ಜಾಗ. ಊರು ಅಂದರೆ ಮನೆ ಮಾತ್ರ ಅಲ್ಲವಲ್ಲ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರು ಬಿಟ್ಟುಕೊಟ್ಟವರನ್ನು ಕೇಳಿ. 1986ರಲ್ಲಿ ಶಂಕುಸ್ಥಾಪನೆ ಆಯಿತು, 2005ರಲ್ಲಿ ನೌಕಾನೆಲೆ ಶುರುವಾಯಿತು. ತೋಡೂರು, ಮುದಗಾದ ಪುನರ್ವಸತಿ ಕಾಲೊನಿಗಳಲ್ಲಿ ಸೈಟು ಸಿಕ್ಕಿತು. ಸಮುದ್ರದಿಂದ ಎಷ್ಟು ದೂರ, ದೋಣಿ ಎಲ್ಲಿ ಕಟ್ಟಬೇಕು ಅನ್ನುವುದು ಬೇರೆಯೇ ಪ್ರಶ್ನೆಯಾಗಿ ಉಳಿಯಿತು.

ಕೊನೆಯದಾಗಿ ದಾಖಲೆಯ ವಿಚಾರ. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ಹೆಸರು ಕೇಳಿರಬಹುದು. ಅಲ್ಲಿ ಒಂದು ಕಂಪನಿ 1940-50ರ ದಶಕಗಳಲ್ಲಿ ಸುಮಾರು 21 ಸಾವಿರ ಟನ್ ರಾಸಾಯನಿಕ ಹೂತು, ಮೇಲೆ ಜೇಡಿ ಮುಚ್ಚಿತು. 1953ರಲ್ಲಿ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತು. ಒಳಗೆ ರಾಸಾಯನಿಕ ಇದೆ ಅಂತ ಕ್ರಯಪತ್ರದಲ್ಲಿ ಬರೆದಿತ್ತು. ಶಾಲೆ ಬಂತು, ಸುತ್ತ ಮನೆಗಳು ಬಂದವು. ರಸ್ತೆ, ಚರಂಡಿ ತೋಡುವಾಗ ಜೇಡಿಯ ಮುಚ್ಚಳ ಒಡೆಯಿತು. ಮನೆ ಕೊಂಡವರಿಗೆ ಆ ಕ್ರಯಪತ್ರದ ಸಾಲು ಯಾರೂ ಓದಿ ಹೇಳಲಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಿ ಕುಟುಂಬಗಳನ್ನು ಎಬ್ಬಿಸಬೇಕಾಯಿತು.

ನಮ್ಮ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 11ನೇ ಕಲಂ ಇದೆ. ಸೊಸೈಟಿಯಲ್ಲಿ ಐವತ್ತು ಸಾವಿರ ಸಾಲ ಮಾಡಿದರೆ ಅಲ್ಲಿ ದಾಖಲಾಗುತ್ತದೆ, ತೀರಿಸುವವರೆಗೆ ಬಿಡುವುದಿಲ್ಲ. ಅಡಿಯಲ್ಲಿ ಹತ್ತು ಅಡಿ ಕಸ ಇದ್ದರೆ ಅದನ್ನೂ ಅಲ್ಲೇ ಬರೆಯಲಿ. ಬಿನ್‌ಶೇತ್ಕಿ (ಕೃಷಿಯೇತರ ಭೂಮಿಯಾಗಿ ಪರಿವರ್ತನೆ) ಮಾಡುವಾಗ, ಖಾತೆ ಬದಲಾಗುವಾಗ, ಮೊಮ್ಮಗ ಮಾರುವಾಗಲೂ ಅದು ಕಾಣಬೇಕು. ‘ಬರೆದರೆ ಬ್ಯಾಂಕು ಸಾಲ ಕೊಡಲ್ಲ’ ಅಂದರೆ, ಆ ಜಾಗವನ್ನು ಬಡವರಿಗೆ ಹಂಚಬೇಕಾ ಬೇಡವಾ ಅನ್ನುವುದಕ್ಕೆ ಅದೇ ಉತ್ತರ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನ ಅಕ್ಕ ಒಬ್ಬರು ಕೇಳಿದರು: ‘ಯಾರ್ಡ್‌ನಲ್ಲಿ ಚಿಂದಿ ಆಯುವವರ ಮನೆ ಈಗಲೇ ಅಲ್ಲಿದೆ. ಅವರನ್ನು ಎಲ್ಲಿಗೆ ಕಳಿಸೋದು?’ ಅವರನ್ನೇ ಮೊದಲು ಕರೆದು ಕೂರಿಸಬೇಕು. ಯಾವ ಮೂಲೆಯಲ್ಲಿ ಯಾವ ಕಾಲದ ಕಸ ಇದೆ, ಎಲ್ಲಿ ಬೇಸಿಗೆಯಲ್ಲಿ ತಾನೇ ಹೊಗೆ ಏಳುತ್ತದೆ ಅನ್ನುವುದು ಅವರಿಗೆ ಗೊತ್ತು. ಬೋರ್ ಕೊರೆದು ಕಂಡುಹಿಡಿಯುವುದರಲ್ಲಿ ಅರ್ಧ ಅವರ ಬಾಯಲ್ಲೇ ಸಿಗುತ್ತದೆ. ಬೇರ್ಪಡಿಸುವ ಕೆಲಸ ಅವರಿಗೇ ಕೊಡಲಿ, ಕೈಗವಸು ಬೂಟು ಕೊಟ್ಟು, ಸಂಬಳ ಕೊಟ್ಟು. ಹೊಸ ಊರಿನ ಮೊದಲ ಮನೆ ಅವರ ಹೆಸರಿಗಿರಲಿ, ಆ ಗಟ್ಟಿ ಅಂಚಿನಲ್ಲಿ.

ಶಿರಸಿ ಕಡೆಯಿಂದ ಬಂದಿದ್ದ ತೋಟದ ಹಿರಿಯರು: ‘ಜರಡಿಯಲ್ಲಿ ಬಂದ ಕಪ್ಪು ಮಣ್ಣು ಅಡಿಕೆ ಬುಡಕ್ಕೆ ಹಾಕಬಹುದಾ? ನೋಡಲು ಒಳ್ಳೇ ಗೊಬ್ಬರದ ಹಾಗೆ ಇರ್ತದೆ.’ ಬೇಡ. ಅದು ಬಣ್ಣದಲ್ಲಿ ಮಾತ್ರ ಗೊಬ್ಬರ. ಗಾಜಿನ ಚೂರು, ಪ್ಲಾಸ್ಟಿಕ್ ಪುಡಿ, ಲೋಹ ಇರುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ರಸ್ತೆ ಏರಿಗೆ, ಹೊಂಡ ತುಂಬಲು ಬಳಸಲಿ. ಸೊಪ್ಪಿನಬೆಟ್ಟ ಇರುವವರಿಗೆ ಇದರ ಆಸೆ ಯಾಕೆ ಅಂತ ನಾನು ಕೇಳಿದೆ. ಅವರು ನಕ್ಕರು.

ಕಾಲೇಜಿನ ಹುಡುಗ ಒಬ್ಬ: ‘ಈಗಲೇ ನಾವು ಏನು ಮಾಡಬಹುದು, ಸರ್?’ ಯಾರ್ಡಿನ ಸುತ್ತಲಿನ ಬಾವಿಗಳ ಪಟ್ಟಿ ಮಾಡಿ. ಮೇ ಕೊನೆಗೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ನೀರು ತೆಗೆದು ಲ್ಯಾಬಿಗೆ ಕೊಡಿ. ಕ್ಲೋರೈಡ್, ಅಮೋನಿಯ, ನೈಟ್ರೇಟ್, ಸೀಸ ಇಷ್ಟು ಸಾಕು ಶುರುವಿಗೆ. ಸಮುದ್ರದ ಹತ್ತಿರದ ಬಾವಿಯಲ್ಲಿ ಕ್ಲೋರೈಡ್ ಉಪ್ಪುನೀರಿನಿಂದಲೂ ಬರುತ್ತದೆ. ಹಾಗಾಗಿ ಯಾರ್ಡಿಗಿಂತ ಮೇಲಿನ ಬದಿಯ ಒಂದು ಬಾವಿ, ಕೆಳಗಿನ ಬದಿಯ ಒಂದು ಬಾವಿ ಹೋಲಿಸಿ ನೋಡಬೇಕು. ಫಲಿತಾಂಶದ ಪ್ರತಿ ಒಂದನ್ನು ನಗರಸಭೆಗೆ ಅರ್ಜಿಯ ಜೊತೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.